ಬೋಯರ್ ಯುದ್ಧದ ಕುದುರೆ ಬೇಹುಗಾರರ ಬೆನ್ನುಹತ್ತಿ

ಸೋಮವಾರ, ಜೋಹಾನ್ಸ್‌ಬರ್ಗ್

ಸ್ಯಾಕ್ಸನ್‌ವೋಲ್ಡ್‌ನ ಸೇನಾ ಇತಿಹಾಸ ಮ್ಯೂಸಿಯಂ ಊರಿನ ಮೃಗಾಲಯದ ಪಕ್ಕದಲ್ಲೇ ಇದೆ. 1947ರಲ್ಲಿ ಆಗಿನ ದಕ್ಷಿಣ ಆಫ್ರಿಕಾ ಪ್ರಧಾನಿ ಜನರಲ್ ಸ್ಮಟ್ಸ್ ಇದನ್ನು ಉದ್ಘಾಟಿಸಿದರು. ಟ್ಯಾಂಕು, ವಿಮಾನಗಳದ್ದೇ ಇಲ್ಲಿ ಹೆಚ್ಚುಗಾರಿಕೆ. ಶಾಲಾ ಮಕ್ಕಳೆಲ್ಲ ಅತ್ತಲೇ ಓಡುತ್ತಾರೆ. ನಾನು ಬಂದದ್ದು ಅಂಗೈಯಲ್ಲಿ ಅಡಗುವ ಬೆಳ್ಳಿ ಬಿಲ್ಲೆಗಳಿಗಾಗಿ ಮತ್ತು ಮಾಸಿದ ಟೋಪಿಗಳಿಗಾಗಿ. 1899ರಿಂದ 1902ರವರೆಗೆ ಬ್ರಿಟಿಷರಿಗೂ ಇಲ್ಲಿ ನೆಲೆಸಿದ್ದ ಡಚ್ ಮೂಲದ ಬಿಳಿ ರೈತರಾದ ಬೋಯರರಿಗೂ ನಡೆದ ಯುದ್ಧದಲ್ಲಿ ಕುದುರೆ ಏರಿ ಸೈನ್ಯಕ್ಕಿಂತ ಮುಂದೆ ಹೋಗಿ ವೈರಿಯ ಸುಳಿವು ಹಿಡಿಯುತ್ತಿದ್ದ ಬೇಹುಗಾರರು ಏನು ತೊಡುತ್ತಿದ್ದರು, ಕೊನೆಗೆ ಅವರ ಎದೆಗೆ ಏನು ಬಂತು ಎಂಬುದು ಬಹಳ ಕಾಲದಿಂದ ನನ್ನ ತಲೆ ತಿನ್ನುತ್ತಿರುವ ವಿಷಯ. ಬೇಹುಗಾರ ಬದುಕಬೇಕಾದರೆ ಯಾರ ಕಣ್ಣಿಗೂ ಬೀಳಬಾರದು. ಪದಕ ಇರುವುದೇ ಎಲ್ಲರ ಕಣ್ಣಿಗೆ ಬೀಳಲಿ ಎಂದು. ಈ ಎರಡರ ನಡುವಿನ ಎಳೆದಾಟ ನನಗೆ ಕುತೂಹಲ.

ಜೊತೆಗೆ ನನ್ನ ಷಡ್ಡಕರು. ಹಾಸನದವರು, ಇಲ್ಲಿ ಬ್ಯಾಂಕೊಂದರ ಸಾಫ್ಟ್‌ವೇರ್ ನೋಡಿಕೊಳ್ಳುತ್ತಾರೆ. ಕಾರು ಅವರದು, ರಜೆ ಅವರದು, ತಾಳ್ಮೆಯೂ ಅವರದೇ.

‘ಕ್ವೀನ್ಸ್ ಸೌತ್ ಆಫ್ರಿಕಾ’ ಪದಕದ ಮುಂದೆ ನಾನು ನಿಂತುಬಿಟ್ಟೆ. ಒಂದು ಬದಿಯಲ್ಲಿ ವಿಕ್ಟೋರಿಯಾ ರಾಣಿಯ ಮುಖ. ಇನ್ನೊಂದು ಬದಿಯಲ್ಲಿ ಬ್ರಿಟಾನಿಯಾ ದೇವಿ ಒಂದು ಕೈಯಲ್ಲಿ ಧ್ವಜ ಹಿಡಿದು, ಇನ್ನೊಂದು ಕೈಯಿಂದ ಸಾಲಾಗಿ ಬರುವ ಸೈನಿಕರತ್ತ ಹಾರ ಚಾಚಿದ್ದಾಳೆ. ರಿಬ್ಬನ್ನಿನ ಅಂಚುಗಳು ಕೆಂಪು, ಒಳಗೆ ನೀಲಿ ಪಟ್ಟಿಗಳು, ನಟ್ಟನಡುವೆ ಅಗಲವಾದ ಕಿತ್ತಳೆ. ಹೋರಾಡಿದ ಜಾಗ, ಕಾಳಗಗಳ ಹೆಸರು ಹೊತ್ತ ಬೆಳ್ಳಿ ಪಟ್ಟಿಗಳನ್ನು ಮೇಲೆ ಒಂದರ ಮೇಲೊಂದು ಜೋಡಿಸಿರುತ್ತಾರೆ. ಅಂಥ ಪಟ್ಟಿಗಳು ಒಟ್ಟು 26 ಬಗೆ. ಪದಕದ ಅಂಚಿನಲ್ಲಿ ಸೈನಿಕನ ನಂಬರು, ಹೆಸರು, ದಳ. ಪದಕ ಓದಲು ಬಲ್ಲವನಿಗೆ ಇದು ಜಾತಕ ಇದ್ದಂತೆ: ಎಲ್ಲಿ ಹೋದ, ಎಲ್ಲಿ ಸಿಕ್ಕಿಬಿದ್ದ, ಎಷ್ಟು ದಿನ ಉಳಿದ, ಎಲ್ಲವೂ ಅದರಲ್ಲಿದೆ.

ಇದರಲ್ಲೊಂದು ತಮಾಷೆಯಿದೆ. ಯುದ್ಧ 1900ಕ್ಕೆ ಮುಗಿದೇ ಹೋಯಿತು ಎಂದು ನಂಬಿ ಟಂಕಸಾಲೆಯವರು ಮೊದಲು ಅಚ್ಚು ಹಾಕಿದ ಪದಕಗಳ ಮೇಲೆ ‘1899–1900’ ಎಂದು ಉಬ್ಬಿಸಿ ಬರೆದರು. ಕೆನಡಾದ ಕುದುರೆ ದಳ ‘ಲಾರ್ಡ್ ಸ್ಟ್ರಾತ್‌ಕೋನಾಸ್ ಹಾರ್ಸ್’ ಊರಿಗೆ ಮರಳುವ ದಾರಿಯಲ್ಲಿ 1901ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಇಳಿದಾಗ ಅವರಿಗೆ ಇವನ್ನು ಕೊಟ್ಟದ್ದೂ ಆಯಿತು. ಯುದ್ಧ ಮಾತ್ರ ಮುಗಿಯಲೇ ಇಲ್ಲ. ಉಳಿದ ಪದಕಗಳ ಮೇಲಿನ ಇಸವಿಯನ್ನು ಉಜ್ಜಿ ತೆಗೆದರು. ಇಂದಿಗೂ ಕೆಲವು ಪದಕಗಳನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಆ ಅಂಕಿಗಳ ನೆರಳು ಕಾಣುತ್ತದೆ. ಸಂಗ್ರಾಹಕರು ಅವನ್ನು ದೆವ್ವದ ಇಸವಿ ಎನ್ನುತ್ತಾರೆ. ಪದಕ ಹಂಚುವ ಹೊತ್ತಿಗೆ ರಾಣಿಯೂ ತೀರಿಕೊಂಡಿದ್ದಳು. ಹಾಗಾಗಿ 18 ತಿಂಗಳು ಸೇವೆ ಮುಗಿಸಿದವರಿಗೆ ಏಳನೇ ಎಡ್ವರ್ಡನ ಮುಖದ ಎರಡನೇ ಪದಕ ಬಂತು. ಅದರ ರಿಬ್ಬನ್ ಹಸಿರು, ಬಿಳಿ, ಕಿತ್ತಳೆ.

ಸಂಜೆ ಅಬ್ಸರ್ವೇಟರಿ ಗುಡ್ಡಕ್ಕೆ ಹೋದೆವು. ಇಲ್ಲೊಂದು ಕಲ್ಲಿನ ಕಂಬವಿದೆ, 1902ರದು. ದಕ್ಷಿಣ ಆಫ್ರಿಕಾದಲ್ಲಿ ಸತ್ತ ಭಾರತೀಯ ಸೇನೆಯವರ ಸ್ಮಾರಕ. ಬ್ರಿಟಿಷ್ ಅಧಿಕಾರಿಗಳ ಜೊತೆಗೆ ಪಶುವೈದ್ಯ ಸಹಾಯಕರು, ಕುದುರೆಗೆ ಲಾಳ ಕಟ್ಟುವ ನಾಲ್‌ಬಂದರು, ಹಿಂಬಾಲಕರು ಎಂದೆಲ್ಲ ಕೆತ್ತಿದ್ದಾರೆ. ಹಿಂದೂ, ಮುಸಲ್ಮಾನ, ಸಿಖ್, ಕ್ರೈಸ್ತ, ಪಾರ್ಸಿ, ಎಲ್ಲರ ಧರ್ಮದ ಹೆಸರೂ ಇದೆ. ಇದು ಬಿಳಿಯರ ನಡುವಿನ ಯುದ್ಧ, ಕಂದು ಮೈಯವರ ಕೈಗೆ ಬಂದೂಕು ಬೇಡ ಎಂಬುದು ಅಂದಿನ ನೀತಿ. ಬಂದೂಕು ಬೇಡ, ಆದರೆ ಕುದುರೆ ತಿಕ್ಕಲು, ನೀರು ಹೊರಲು, ಡೋಲಿ ಎತ್ತಲು ಸಾವಿರಾರು ಜನ ಬೇಕು! ಇವರಿಗೆ ಸಿಕ್ಕಿದ್ದು ಅದೇ ಪದಕವೇ, ಆದರೆ ಕಂಚಿನದು, ಸಾಮಾನ್ಯವಾಗಿ ಮೇಲೆ ಪಟ್ಟಿಗಳೂ ಇಲ್ಲ. ಅದೇ ಅಚ್ಚು, ಅದೇ ರಾಣಿ, ಅದೇ ರಿಬ್ಬನ್, ಲೋಹ ಮಾತ್ರ ಬೇರೆ. ತಾರತಮ್ಯವನ್ನು ಇಷ್ಟು ಅಚ್ಚುಕಟ್ಟಾಗಿ ಎರಕ ಹೊಯ್ದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮಂಗಳವಾರ, ಕಿಂಬರ್ಲಿ ದಾರಿ

ಬೆಳಗ್ಗೆ ಆರಕ್ಕೆ ಹೊರಟೆವು. ಜುಲೈ ತಿಂಗಳು, ಇಲ್ಲಿ ಕಡು ಚಳಿಗಾಲ. ಡಬ್ಬಿಯಲ್ಲಿ ಚಿತ್ರಾನ್ನ, ಫ್ಲಾಸ್ಕಿನಲ್ಲಿ ಕಾಫಿ. ಎನ್12 ಹೆದ್ದಾರಿಯ ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಒಣಗಿದ ಹುಲ್ಲು. ಖಾಕಿ ಏಕೆ ಎಂದು ಕೇಳುವವರು ಈ ಹುಲ್ಲನ್ನೊಮ್ಮೆ ನೋಡಬೇಕು.

ಖಾಕಿ ತೊಟ್ಟ ಮೊದಲ ದಳ ಪೇಶಾವರದಲ್ಲಿ 1846ರಲ್ಲಿ ಹ್ಯಾರಿ ಲಮ್ಸ್‌ಡನ್ ಕಟ್ಟಿದ ಗೈಡ್ಸ್ ಎಂಬ ಮುಂಗಾವಲು ಪಡೆ. ಮಂಗಳೂರಿನವರನ್ನು ಕೇಳಿದರೆ, ಬಲ್ಮಠದ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯ ಹಾಲರ್ ಸಾಹೇಬರೇ ಆ ಬಣ್ಣ ಕಂಡುಹಿಡಿದದ್ದು, ಕಾರ್ಖಾನೆ ನೋಡಲು ಬಂದ ಲಾರ್ಡ್ ರಾಬರ್ಟ್ಸ್ ಮೆಚ್ಚಿ ಸೇನೆಗೆ ತಂದದ್ದು ಎನ್ನುತ್ತಾರೆ. ಈ ಜಗಳದಲ್ಲಿ ನಾನು ತೀರ್ಪು ಕೊಡಲಾರೆ. ರಾಬರ್ಟ್ಸ್ 1880ರ ದಶಕದಲ್ಲಿ ಮದ್ರಾಸ್ ಸೇನೆಯ ದಂಡನಾಯಕರಾಗಿದ್ದದ್ದಂತೂ ನಿಜ, 1900ರಲ್ಲಿ ಇದೇ ಬಯಲಿನಲ್ಲಿ ಖಾಕಿ ತೊಟ್ಟ ಸೈನ್ಯವನ್ನು ನಡೆಸಿದ್ದೂ ನಿಜ. ಭಾರತದಲ್ಲಿ ರೂಢಿಯಲ್ಲಿದ್ದ ತೆಳು ಹತ್ತಿಯ ಖಾಕಿ ಇಲ್ಲಿನ ರಾತ್ರಿಗಳಿಗೆ ಸಾಲದೆ ಉಣ್ಣೆಯ ಸರ್ಜ್ ತರಿಸಬೇಕಾಯಿತು. ಕಾರಿನ ಗಾಜಿನ ಮೇಲೆ ಹಿಮ ಕಟ್ಟಿದ್ದನ್ನು ಬೆಳಗ್ಗೆ ಕೆರೆದ ಷಡ್ಡಕರು ಇದನ್ನು ತಕ್ಷಣ ಒಪ್ಪಿದರು.

ಫೋಷ್‌ವಿಲ್ ಬಳಿಯ ಗಾಟ್ಸ್‌ರಾಂಡ್ ಬೆಟ್ಟಸಾಲಿನಲ್ಲಿ ಡಾನಿ ಥೆರಾನನ ಸ್ಮಾರಕವಿದೆ. ಬೋಯರರ ಅತಿ ಹೆಸರುವಾಸಿ ಬೇಹುಗಾರ. ಮೂಲತಃ ವಕೀಲ. ಯುದ್ಧಕ್ಕೆ ಮುಂಚೆ ಸೈಕಲ್ ದಳ ಕಟ್ಟುತ್ತೇನೆ ಎಂದು ಹೊರಟಾಗ ಟ್ರಾನ್ಸ್‌ವಾಲ್‌ನ ಮುದುಕ ಅಧ್ಯಕ್ಷ ಕ್ರೂಗರ್ ನಂಬಲಿಲ್ಲವಂತೆ. ಸೈಕಲ್ಲಿಗೂ ಕುದುರೆಗೂ ಪಂದ್ಯ ಇಡಿಸಿ, ಸೈಕಲ್ ಗೆದ್ದ ಮೇಲೆಯೇ ಅನುಮತಿ ಸಿಕ್ಕಿತು ಎಂಬ ಕಥೆಯಿದೆ. ಮುಂದೆ ಅವನ ಹೆಸರಿನದೇ ಬೇಹುಗಾರ ದಳ ಬಂತು. 1900ರ ಫೆಬ್ರವರಿಯಲ್ಲಿ ಪಾರ್ಡೆಬರ್ಗ್‌ನಲ್ಲಿ ಬೋಯರ್ ಜನರಲ್ ಕ್ರೋನ್ಯೆಯ ಪಾಳೆಯವನ್ನು ಬ್ರಿಟಿಷರು ಸುತ್ತುವರಿದಾಗ, ರಾತ್ರಿ ಅವರ ಸಾಲಿನ ನಡುವೆಯೇ ತೆವಳಿ ಒಳಗೆ ಹೋಗಿ ಸಂದೇಶ ಮುಟ್ಟಿಸಿ ಮತ್ತೆ ತೆವಳಿ ಹೊರಬಂದ. ಸೆಪ್ಟೆಂಬರ್ 5ರಂದು ಈ ಬೆಟ್ಟಸಾಲಿನಲ್ಲಿ ಒಬ್ಬನೇ ಬೇಹಿಗೆ ಹೋಗಿದ್ದಾಗ ಬ್ರಿಟಿಷ್ ಗಸ್ತಿಗೆ ಎದುರಾಗಿ ಸತ್ತ.

ಅವನ ದಳಕ್ಕೆ ಸಮವಸ್ತ್ರವೇ ಇರಲಿಲ್ಲ. ಸಾದಾ ಬೋಯರ್ ಸವಾರ ಹೊಲದಲ್ಲಿ ತೊಡುವ ಬಟ್ಟೆಯಲ್ಲೇ ಯುದ್ಧಕ್ಕೆ ಬರುತ್ತಿದ್ದ: ದಪ್ಪ ಕೋಟು, ಅಗಲ ಅಂಚಿನ ಟೋಪಿ, ಎದೆಗೆ ಅಡ್ಡಲಾಗಿ ಗುಂಡಿನ ಪಟ್ಟಿ, ಕೈಯಲ್ಲಿ ಮೌಸರ್ ಬಂದೂಕು, ಕೆಳಗೆ ಗಿಡ್ಡ ಗಟ್ಟಿ ತಟ್ಟು ಕುದುರೆ. ಟ್ರಾನ್ಸ್‌ವಾಲ್, ಆರೆಂಜ್ ಫ್ರೀ ಸ್ಟೇಟ್ ಎಂಬ ಎರಡು ಬೋಯರ್ ಗಣರಾಜ್ಯಗಳಲ್ಲಿ ಫಿರಂಗಿ ದಳ ಮತ್ತು ಪೊಲೀಸರಿಗಷ್ಟೇ ಸಮವಸ್ತ್ರ. ಷಡ್ಡಕರು ಮೊಬೈಲಿನಲ್ಲಿ ಚಿತ್ರ ನೋಡಿ, “ರೀ, ಇವ್ರು ಯುದ್ಧಕ್ಕೆ ಹೊರಟೋರೋ ಸಂತೆಗೆ ಹೊರಟೋರೋ?” ಎಂದರು. ಬ್ರಿಟಿಷರಿಗೂ ಅದೇ ತಲೆನೋವಾಗಿತ್ತು.

ಬುಧವಾರ, ಕಿಂಬರ್ಲಿ

ದೊಡ್ಡ ವಜ್ರದ ಗುಂಡಿಯನ್ನು ಎಲ್ಲರೂ ನೋಡುತ್ತಾರೆ, ನಾವೂ ನೋಡಿದೆವು. ಊರಿಗೆ ಬೋಯರರು ಹಾಕಿದ ಮುತ್ತಿಗೆ 124 ದಿನ ನಡೆದು, 1900ರ ಫೆಬ್ರವರಿ 15ರಂದು ಫ್ರೆಂಚ್ ಎಂಬ ಹೆಸರಿನ ಬ್ರಿಟಿಷ್ ಜನರಲ್‌ನ ಕುದುರೆ ಪಡೆ ಬಂದು ಬಿಡಿಸಿತು. ಊರಿನ ಮೇಯರು ತಾವೇ ಒಂದು ಬೆಳ್ಳಿ ನಕ್ಷತ್ರ ಮಾಡಿಸಿ ಕಾವಲು ಕಾದವರಿಗೆ ಹಂಚಿದರು. ಸೇನೆ ಅದನ್ನು ಸಮವಸ್ತ್ರದ ಮೇಲೆ ತೊಡಲು ಬಿಡಲಿಲ್ಲ, ಸರ್ಕಾರಿ ಪದಕವಲ್ಲವಲ್ಲ! ಆದರೂ ಜನ ಅದನ್ನು ಜತನದಿಂದ ಇಟ್ಟುಕೊಂಡರು. ಕಿಂಬರ್ಲಿ ನಕ್ಷತ್ರಕ್ಕೆ ಇಂದಿಗೂ ಸಂಗ್ರಾಹಕರಲ್ಲಿ ಒಳ್ಳೆಯ ಬೆಲೆ.

ಮಧ್ಯಾಹ್ನ ಊರ ದಕ್ಷಿಣಕ್ಕೆ ಮಾಗರ್ಸ್‌ಫಾಂಟೇನ್. ದಿಬ್ಬದ ಮೇಲೆ ನಿಂತರೆ ಎಲ್ಲ ಅರ್ಥವಾಗುತ್ತದೆ. ಬೋಯರರು ಗುಡ್ಡದ ನೆತ್ತಿಯಲ್ಲಿರುತ್ತಾರೆ ಎಂದು ಬ್ರಿಟಿಷ್ ಫಿರಂಗಿಗಳು ನೆತ್ತಿಗೇ ಹೊಡೆದವು. ಬೋಯರ್ ಜನರಲ್ ಡಿ ಲಾ ರೇ ಮಾತ್ರ ಕಂದಕಗಳನ್ನು ಗುಡ್ಡದ ಬುಡದಲ್ಲಿ, ಬಯಲಿನ ಅಂಚಿನಲ್ಲಿ ತೋಡಿಸಿದ್ದ. 1899ರ ಡಿಸೆಂಬರ್ 11ರ ನಸುಕಿನಲ್ಲಿ ಬ್ರಿಟಿಷರ ಸ್ಕಾಟ್ ಪಡೆ ಹೈಲ್ಯಾಂಡ್ ಬ್ರಿಗೇಡ್ ಒತ್ತೊತ್ತಾಗಿ ನಡೆದು ಬಂದು ನೇರ ಅವುಗಳ ಬಾಯಿಗೆ ಬಿತ್ತು. ಅದರ ನಾಯಕ ಜನರಲ್ ವಾಕೋಪ್ ಅಲ್ಲೇ ಸತ್ತರು. ಸರಿಯಾದ ಬೇಹು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಬಯಲಿಲ್ಲ.

ಉಡುಪಿನ ಪಾಠವೂ ಇಲ್ಲೇ ಇದೆ. ಸ್ಕಾಟ್ ಸೈನಿಕರ ಗಾಢ ಬಣ್ಣದ, ಲಂಗದಂಥ ಕಿಲ್ಟ್ ಮರೆಸಲು ಮುಂದೆ ಖಾಕಿ ಏಪ್ರನ್ ಕಟ್ಟಿದ್ದರು. ಬೋರಲು ಬಿದ್ದಾಗ ಹಿಂಭಾಗದ ಕಪ್ಪು ಹಸಿರು ಬಟ್ಟೆ ಹುಲ್ಲಿನ ಮೇಲೆ ಎದ್ದು ಕಂಡಿತು. ಅಲುಗಾಡಿದವರ ಮೇಲೆ ಗುಂಡು. ಡಿಸೆಂಬರ್ ಬಿಸಿಲಿನಲ್ಲಿ ಇಡೀ ದಿನ ಹಾಗೆ ಬಿದ್ದಿದ್ದವರ ಮೊಣಕಾಲ ಹಿಂದಿನ ಬರಿಯ ಚರ್ಮ ಬೆಂದು ಬೊಬ್ಬೆ ಎದ್ದಿತು. ಇನ್ನೊಂದೆಡೆ, ಕತ್ತಿ ಹಿಡಿದವರನ್ನೇ ಬೋಯರರು ಆರಿಸಿ ಹೊಡೆಯುತ್ತಾರೆಂದು ಬ್ರಿಟಿಷ್ ಅಧಿಕಾರಿಗಳು ಕತ್ತಿ ಬಿಟ್ಟು ಸಾದಾ ಸೈನಿಕರಂತೆ ಬಂದೂಕು ಹೊರತೊಡಗಿದರು.

ಇಲ್ಲಿ ಬ್ರಿಟಿಷರ ಕಣ್ಣಾಗಿದ್ದದ್ದು ಮೇಜರ್ ಮೈಕ್ ರಿಮಿಂಗ್ಟನ್ ಕಟ್ಟಿದ ಗೈಡ್ಸ್. ಈ ಸೀಮೆಯನ್ನೂ ಇಲ್ಲಿನ ಭಾಷೆಗಳನ್ನೂ ಬಲ್ಲ ಸವಾರರನ್ನೇ ಆರಿಸಿದ್ದರು. ಬಟ್ಟೆ ಎಲ್ಲರಂತೆ ಖಾಕಿಯೇ, ಆದರೆ ಅಗಲ ಟೋಪಿಯ ಸುತ್ತ ಕಾಡುಬೆಕ್ಕಿನ ಚರ್ಮದ ಪಟ್ಟಿ. ಅದರಿಂದಲೇ ‘ರಿಮಿಂಗ್ಟನ್ನನ ಹುಲಿಗಳು’ ಎಂಬ ಹೆಸರು. ಅಡಗಿ ಕೂರುವುದೇ ಕಸುಬಾದವರಿಗೂ ‘ನಾವು ಬೇರೆ’ ಎಂದು ತೋರಿಸುವ ಚಪಲ ಬಿಡಲಿಲ್ಲ ನೋಡಿ.

ಗುರುವಾರ

ಪಾರ್ಡೆಬರ್ಗ್ ಮೇಲೆ ಹಾದು ಬ್ಲೂಮ್‌ಫಾಂಟೇನ್. ಪಾರ್ಡೆಬರ್ಗ್‌ನಲ್ಲಿ 1900ರ ಫೆಬ್ರವರಿ 27ರಂದು ಕ್ರೋನ್ಯೆ ಸುಮಾರು 4,000 ಜನರೊಡನೆ ಶರಣಾದ. ಮಾಡರ್ ನದಿಯ ದಂಡೆಯಲ್ಲಿ ಈಗ ಜಾಲಿ ಮರ, ತಂತಿ ಬೇಲಿ, ಗಾಳಿ. ಪೆಟ್ರೋಲ್ ಬಂಕಿನಲ್ಲಿ ಷಡ್ಡಕರು ಬಿಲ್ಟಾಂಗ್ ಎಂಬ ಒಣಮಾಂಸ ಕೊಂಡು ಅಗಿಯುತ್ತ, “ಬೋಯರ್ ಸವಾರರ ಜೀನಿನ ಚೀಲದಲ್ಲಿ ಇದೇ ಇರ್ತಿತ್ತಂತೆ” ಎಂದು ನನಗೇ ಪಾಠ ಹೇಳಿದರು. ಸಸ್ಯಾಹಾರಿಯಾದ ನಾನು ಉಳಿದ ಚಿತ್ರಾನ್ನ ಮುಗಿಸಿದೆ.

ಶುಕ್ರವಾರ, ಬ್ಲೂಮ್‌ಫಾಂಟೇನ್

ಇಡೀ ದಿನ ಯುದ್ಧ ಮ್ಯೂಸಿಯಂನಲ್ಲಿ ಕಳೆಯಿತು. ಪಕ್ಕದಲ್ಲೇ 1913ರಲ್ಲಿ ಅನಾವರಣಗೊಂಡ ಮಹಿಳಾ ಸ್ಮಾರಕ. ಬ್ರಿಟಿಷರು ಹೊಲಮನೆ ಸುಟ್ಟು ಹೆಂಗಸರು ಮಕ್ಕಳನ್ನು ಕೂಡಿಹಾಕಿದ ಶಿಬಿರಗಳಲ್ಲಿ ಸತ್ತ 26,370 ಮಂದಿಯ ನೆನಪಿನದು. ಬೇರೆ ಶಿಬಿರಗಳಲ್ಲಿ ಸತ್ತ ಸಾವಿರಾರು ಕಪ್ಪು ಜನರನ್ನು ಆಗ ಆ ಲೆಕ್ಕಕ್ಕೇ ಸೇರಿಸಿರಲಿಲ್ಲ.

ಮ್ಯೂಸಿಯಂ ಅಂಗಳದಲ್ಲಿ ‘ಬಿಟರ್‌ಐಂಡರ್’ ಎಂಬ ಕಂಚಿನ ಸವಾರನಿದ್ದಾನೆ. ಕೊನೆಯವರೆಗೂ ಶರಣಾಗದವನು. ಕುದುರೆ ಬಡಕಲು, ಸವಾರ ಸೋತು ಸೊರಗಿದ್ದಾನೆ. ಯುದ್ಧದ ಕೊನೆಯ ವರ್ಷ ಬೋಯರರಿಗೆ ಹೊಸ ಬಟ್ಟೆ ಸಿಗುವ ದಾರಿಯೇ ಇರಲಿಲ್ಲ. ಗೋಣಿ, ಕಂಬಳಿ, ಕುರಿಚರ್ಮ ಸುತ್ತಿಕೊಂಡರು. ಸೆರೆಸಿಕ್ಕ ಬ್ರಿಟಿಷರನ್ನು ಇಟ್ಟುಕೊಂಡು ಸಾಕಲಾಗದೆ, ಬಟ್ಟೆ ಬಿಚ್ಚಿಸಿಕೊಂಡು ಬಿಟ್ಟುಬಿಡುತ್ತಿದ್ದರು. ಆ ಖಾಕಿಯನ್ನು ತಾವು ತೊಟ್ಟರು. 1901ರ ಸೆಪ್ಟೆಂಬರ್ 17ರಂದು ಎಲಾಂಡ್ಸ್ ರಿವರ್ ಪೋರ್ಟ್ ಎಂಬಲ್ಲಿ ಆಗ ಬೋಯರ್ ಜನರಲ್ ಆಗಿದ್ದ, ಮುಂದೆ ಜೋಹಾನ್ಸ್‌ಬರ್ಗ್ ಮ್ಯೂಸಿಯಂ ಉದ್ಘಾಟಿಸಿದ ಅದೇ ಸ್ಮಟ್ಸ್‌ನ ಖಾಕಿ ತೊಟ್ಟ ಸವಾರರನ್ನು ತಮ್ಮವರೇ ಎಂದು ನಂಬಿ 17ನೇ ಲ್ಯಾನ್ಸರ್ಸ್ ಎಂಬ ಬ್ರಿಟಿಷ್ ಕುದುರೆ ದಳದ ಒಂದು ತುಕಡಿ ನೆಲಕಚ್ಚಿತು. ಬೋಯರರು ಅವರ ಕುದುರೆ, ಬೂಟು, ಕೋಟುಗಳನ್ನೂ ಹೊತ್ತೊಯ್ದರು. ಇತ್ತ ಬ್ರಿಟಿಷ್ ಸಮವಸ್ತ್ರದಲ್ಲಿ ಸಿಕ್ಕಿಬಿದ್ದ ಬೋಯರನಿಗೆ ಗುಂಡಿಕ್ಕುವ ಆಜ್ಞೆ ಬ್ರಿಟಿಷ್ ದಂಡನಾಯಕ ಕಿಚನರ್ ಕಡೆಯಿಂದ ಬಂತು. ಚಳಿಗೆಂದು ತೊಟ್ಟ ಕೋಟಿಗಾಗಿ ಹುಡುಗರು ಸತ್ತಿದ್ದಾರೆ.

ಅದೇ ಖಾಕಿಯನ್ನು ಬ್ರಿಟಿಷರ ಕೈಯಿಂದಲೇ ಪಡೆದು ತೊಟ್ಟ ಬೋಯರರೂ ಇದ್ದರು. ಟ್ರಾನ್ಸ್‌ವಾಲ್‌ನಲ್ಲಿ ‘ನ್ಯಾಷನಲ್ ಸ್ಕೌಟ್ಸ್’, ಈ ಪ್ರಾಂತ್ಯದಲ್ಲಿ, ಅಂದರೆ ಹಳೆಯ ಆರೆಂಜ್ ಫ್ರೀ ಸ್ಟೇಟ್‌ನಲ್ಲಿ, ‘ಆರೆಂಜ್ ರಿವರ್ ಕಾಲೊನಿ ವಾಲಂಟಿಯರ್ಸ್’. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 5,000 ಬೋಯರರು ಬ್ರಿಟಿಷರ ಪರ ದುಡಿಯುತ್ತಿದ್ದರು. ತಮ್ಮವರು ಎಲ್ಲಿ ಅಡಗುತ್ತಾರೆ, ಯಾವ ಹಳ್ಳದಲ್ಲಿ ನೀರಿದೆ ಎಂದು ಬಲ್ಲ ಬೇಹುಗಾರರು ಇವರಿಗಿಂತ ಬೇಕೇ? ಮಹಿಳಾ ಸ್ಮಾರಕದ ಬುಡದಲ್ಲಿ ಮಲಗಿರುವ ಜನರಲ್ ಕ್ರಿಸ್ಟಿಯಾನ್ ಡಿ ವೆಟ್ ಕೊನೆಯವರೆಗೂ ಬ್ರಿಟಿಷರ ಕೈಗೆ ಸಿಗಲಿಲ್ಲ. ಅವನ ಸ್ವಂತ ತಮ್ಮ ಪೀಟ್ ಡಿ ವೆಟ್ ಶರಣಾಗಿ, ಆಮೇಲೆ ಬ್ರಿಟಿಷರ ಕಡೆಯ ಆ ವಾಲಂಟಿಯರ್ಸ್ ನಾಯಕನಾದ. “ನಮ್ಮಲ್ಲಿ ಆಸ್ತಿ ಪಾಲಿಗೆ ಕೋರ್ಟಿಗೆ ಹೋಗೋ ಅಣ್ಣತಮ್ಮಂದಿರೇ ವಾಸಿ ಬಿಡಿ,” ಅಂದರು ಷಡ್ಡಕರು. ಯುದ್ಧ ಮುಗಿದ ಮೇಲೆ ಈ ‘ಜಾಯ್ನರ್’ಗಳನ್ನು ನೆರೆಹೊರೆಯವರು ಹತ್ತಿರ ಸೇರಿಸಲಿಲ್ಲ. ರಾಣಿಯ ಪದಕ ಅವರಿಗೂ ಸಂದಿತು, ಆದರೆ ಅದನ್ನು ತೊಟ್ಟು ಇಲ್ಲಿ ಯಾವ ಬೀದಿಯಲ್ಲಿ ನಡೆಯುವುದು?

ನಿಷ್ಠರಾಗಿ ಉಳಿದ ಬೋಯರರಿಗೆ ಪದಕ ಬಂದದ್ದು 1920ರಲ್ಲಿ. ಅರ್ಜಿ ಹಾಕಿ ಪಡೆಯಬೇಕಿತ್ತು. ಆ ‘ಆಂಗ್ಲೋ-ಬೋಯರ್ ಓರ್ಲಾಗ್’ ಪದಕದ ಒಂದು ಬದಿಯಲ್ಲಿ ಟ್ರಾನ್ಸ್‌ವಾಲ್ ಲಾಂಛನ, ಇನ್ನೊಂದರಲ್ಲಿ ಆರೆಂಜ್ ಫ್ರೀ ಸ್ಟೇಟ್‌ನದು. ಯಾವ ಗಣರಾಜ್ಯಕ್ಕೆ ಹೋರಾಡಿದಿರೋ ಆ ಬದಿ ಮುಂದೆ ಮಾಡಿ ತೊಡಬಹುದು. ಗಾಯಗೊಂಡವರಿಗೆ ಬೇರೆಯದೇ ಒಂದು ರಿಬ್ಬನ್. ಆದರೆ ಬೋಯರ್ ಯಜಮಾನನ ಜೊತೆ ಎರಡನೇ ಕುದುರೆ ಹಿಡಿದು, ಅಡುಗೆ ಮಾಡಿ, ಬೇಕಾದಾಗ ಗುಂಡನ್ನೂ ಹಾರಿಸಿದ ಕಪ್ಪು ‘ಆಖ್ಟರ್‌ರೈಯರ್’ ಆ ಗೌರವದ ಆಚೆಗೇ ಉಳಿದ. ಬ್ರಿಟಿಷರ ಕಡೆಯ ಕಪ್ಪು ಬೇಹುಗಾರರದು ಇನ್ನೂ ಕಷ್ಟ. ಬೋಯರರ ಕೈಗೆ ಸಿಕ್ಕರೆ ಸಾವು, ಬದುಕಿ ಉಳಿದರೂ ಬಹುಪಾಲು ಜನರಿಗೆ ಬೆಳ್ಳಿ ಪದಕವಿಲ್ಲ.

ಸೆರೆಯಾಳುಗಳ ವಿಭಾಗದಲ್ಲಿ ನನ್ನ ಕಾಲು ತಾನಾಗಿ ನಿಧಾನವಾಯಿತು. ಬ್ರಿಟಿಷರು ಬೋಯರ್ ಸೆರೆಯಾಳುಗಳನ್ನು ಸೇಂಟ್ ಹೆಲೆನಾ, ಸಿಲೋನ್, ಬರ್ಮುಡಾ, ಭಾರತಗಳಿಗೆ ಸಾಗಿಸಿದರು. ಭಾರತಕ್ಕೆ ಬಂದವರೇ ಸುಮಾರು 9,000. ಅಹಮದ್‌ನಗರ, ತಿರುಚಿನಾಪಳ್ಳಿ, ಅಂಬಾಲಾಗಳ ಜೊತೆಗೆ ನಮ್ಮ ಬಳ್ಳಾರಿಯಲ್ಲೂ ಶಿಬಿರವಿತ್ತು. ಹೊಲದ ಬಟ್ಟೆಯಲ್ಲೇ ಬಂದ ಈ ರೈತ ಸವಾರರು ಬಳ್ಳಾರಿಯ ಬಿಸಿಲಿನಲ್ಲಿ ದಿನ ಎಣಿಸಿದರು. ಇಲ್ಲಿ ಕೆಲಸ ಮಾಡುವ ಹಿರಿಯರೊಬ್ಬರಿಗೆ ನಾನು ಬಳ್ಳಾರಿಯವನು ಎಂದೆ. ಅವರು ಕೈಕುಲುಕಿ ಮೊದಲು ಕೇಳಿದ್ದು, “ಅಲ್ಲಿ ಬಿಸಿಲು ನಿಜಕ್ಕೂ ಅಷ್ಟಿದೆಯಾ?”

ಈ ಸೀಮೆಗೆ ಕನ್ನಡ ನಾಡಿನಿಂದ ಸವಾರರೂ ಬಂದಿದ್ದರು. 1899ರ ಕೊನೆಗೆ ಕಲ್ಕತ್ತೆಯಲ್ಲಿ ಕರ್ನಲ್ ಡುಗಾಲ್ಡ್ ಲಮ್ಸ್‌ಡನ್ (ಪೇಶಾವರದ ಲಮ್ಸ್‌ಡನ್ ಬೇರೆ) ಕಟ್ಟಿದ ‘ಲಮ್ಸ್‌ಡನ್ಸ್ ಹಾರ್ಸ್’ ದಳದಲ್ಲಿ ಅಸ್ಸಾಮಿನ ಚಹಾ, ಬಿಹಾರದ ನೀಲಿ ತೋಟಗಳ ಬಿಳಿ ಮಾಲೀಕರ ಜೊತೆಗೆ ಮೈಸೂರು, ಕೊಡಗಿನ ಕಾಫಿ ಪ್ಲಾಂಟರುಗಳೂ ಇದ್ದರು. ಬ್ಲೂಮ್‌ಫಾಂಟೇನಿನ ಉತ್ತರಕ್ಕೆ 1900ರ ಏಪ್ರಿಲ್ 30ರಂದು ಅವರಿಗೆ ದೊಡ್ಡ ಪೆಟ್ಟು ಬಿತ್ತು, ಮೇಜರ್ ಶವರ್ಸ್ ಸತ್ತರು. ಅವರ ಹೆಸರಿನ ಬೆಳ್ಳಿ ಪದಕ ಹರಾಜಿಗೆ ಬಂದರೆ ಸಂಗ್ರಾಹಕರು ಮುಗಿಬೀಳುತ್ತಾರೆ. ತೋಟದ ಕೂಲಿಯಾಳುಗಳ ದುಡಿಮೆಯಿಂದ ಬಂದ ಹಣದಲ್ಲಿ ಸಾಕಿದ ಕುದುರೆಗಳು ಎಂಬುದು ಯಾವ ಅಂಚಿನಲ್ಲೂ ಬರೆದಿರುವುದಿಲ್ಲ.

ಶನಿವಾರ

ಬೆತ್ಲೆಹೆಮ್, ಹ್ಯಾರಿಸ್ಮಿತ್, ವಾನ್ ರೀನೆನ್ ಕಣಿವೆ. ದಿನವಿಡೀ ಕಾರು. ದಾರಿಯಲ್ಲಿ ಮೇಯುವ ಕುದುರೆಗಳನ್ನು ಕಂಡಾಗ, ಬ್ರಿಟಿಷರು ಈ ಯುದ್ಧದಲ್ಲಿ ಕಳೆದುಕೊಂಡ 3 ಲಕ್ಷಕ್ಕೂ ಹೆಚ್ಚು ಕುದುರೆಗಳ ಲೆಕ್ಕ ಹೇಳಿದೆ. ಹಡಗಿಳಿದು ಸುಧಾರಿಸಿಕೊಳ್ಳಲೂ ಬಿಡದೆ ಜೀನು ಬಿಗಿದದ್ದೇ ಅವುಗಳಲ್ಲಿ ಎಷ್ಟೋ ಸಾವಿಗೆ ಕಾರಣ.

ಭಾನುವಾರ, ಲೇಡಿಸ್ಮಿತ್ ಮತ್ತು ಸ್ಪಿಯನ್‌ಕಾಪ್

ಸ್ಪಿಯನ್‌ಕಾಪ್ ಗುಡ್ಡದ ತುದಿಯಲ್ಲಿ ಬ್ರಿಟಿಷರ ಆಳವಿಲ್ಲದ ಕಂದಕವೇ ಅವರ ಗೋರಿ. 1900ರ ಜನವರಿ 24ರ ಕಾಳಗದ ದಿನ ಈ ಗುಡ್ಡದ ಆಸುಪಾಸು ಮೂವರಿದ್ದರು: ಬೋಯರ್ ದಂಡನಾಯಕ ಲೂಯಿ ಬೋಥಾ, ಸಂದೇಶ ಹೊತ್ತು ಗುಡ್ಡ ಹತ್ತಿ ಇಳಿದ ವಿನ್‌ಸ್ಟನ್ ಚರ್ಚಿಲ್, ಭಾರತೀಯ ಆಂಬುಲೆನ್ಸ್ ದಳದೊಂದಿಗೆ ಗಾಯಾಳುಗಳನ್ನು ಹೊತ್ತ ಮೋಹನದಾಸ ಗಾಂಧಿ.

ಚರ್ಚಿಲ್ ಇದ್ದದ್ದು ‘ಸೌತ್ ಆಫ್ರಿಕನ್ ಲೈಟ್ ಹಾರ್ಸ್’ನಲ್ಲಿ. ಅವರ ಅಗಲ ಟೋಪಿಗೆ ಸಕಾಬುಲಾ ಹಕ್ಕಿಯ ಉದ್ದನೆಯ ಕಪ್ಪು ಗರಿ. ಬೇಹಿಗೆ ಹೋಗುವವರ ತಲೆ ಮೇಲೆ ಗಾಳಿಗೆ ಆಡುವ ಗರಿ ಇಟ್ಟವರ ಬುದ್ಧಿಗೆ ಏನೆನ್ನಬೇಕು? ಚರ್ಚಿಲ್ಲನ ಪದಕಕ್ಕೆ ಆರು ಪಟ್ಟಿಗಳು. ಗಾಂಧಿಯವರ ದಳದಲ್ಲಿ ಸುಮಾರು 1,100 ಜನ, ಬಹುಪಾಲು ಕರಾರಿನ ಕೂಲಿಗಳು. ಪದಕ ಸಿಕ್ಕಿದ್ದು ಮುಂದಾಳುಗಳಿಗಷ್ಟೇ. ಗಾಂಧಿ ಅದನ್ನು 1920ರಲ್ಲಿ, ಕೈಸರ್-ಇ-ಹಿಂದ್ ಮತ್ತು 1906ರ ಜುಲು ದಂಗೆಯ ಪದಕಗಳ ಜೊತೆ ವೈಸರಾಯರಿಗೆ ಹಿಂತಿರುಗಿಸಿದರು. ಬೋಯರರಿಗೆ ಅವರ ಪದಕ ಹುಟ್ಟಿದ್ದೂ ಅದೇ ವರ್ಷ.

ಲೇಡಿಸ್ಮಿತ್‌ನ ವಿಷ್ಣು ದೇವಸ್ಥಾನದಲ್ಲಿ ಗಾಂಧಿ ವಿಗ್ರಹವಿದೆ, ಕೈಮುಗಿದೆವು. ನನಗೆ ಈ ಊರಿನಲ್ಲಿ ನೆನಪಾದವನು ಪ್ರಭುಸಿಂಗ್. ಕರಾರಿನ ಕೂಲಿಯಾಳು. 118 ದಿನದ ಮುತ್ತಿಗೆಯಲ್ಲಿ ಎದುರಿನ ಉಂಬುಲ್ವಾನಾ ಗುಡ್ಡದ ಮೇಲೆ ಬೋಯರರ ದೊಡ್ಡ ಫಿರಂಗಿ ಇತ್ತು. ಅದು ಕಿಡಿ ಉಗುಳಿದ್ದೇ ತಡ ಪ್ರಭುಸಿಂಗ್ ಸೂಚನೆ ಕೊಡುತ್ತಿದ್ದ, ಗುಂಡು ಬರುವಷ್ಟರಲ್ಲಿ ಜನ ಅಡಗುತ್ತಿದ್ದರು. ಅಡಗುವಂತಿಲ್ಲದವನು ಅವನೊಬ್ಬನೇ. ದಂಡನಾಯಕ ಸರ್ ಜಾರ್ಜ್ ವೈಟ್ ಮನಸಾರೆ ಹೊಗಳಿದರು, ವೈಸರಾಯ್ ಕರ್ಜನ್ನರ ಹೆಂಡತಿ ಕಾಶ್ಮೀರಿ ನಿಲುವಂಗಿಯೊಂದನ್ನು ಕಳಿಸಿಕೊಟ್ಟರು. ಕುದುರೆಯಿಲ್ಲದ, ಸಮವಸ್ತ್ರವಿಲ್ಲದ ಈ ಬೇಹುಗಾರನಿಗೆ ಉಡುಪೇ ಬಹುಮಾನವಾಗಿ ಬಂತು.

ಸೋಮವಾರ, ಪೀಟರ್‌ಮಾರಿಟ್ಜ್‌ಬರ್ಗ್

ರೈಲು ನಿಲ್ದಾಣದಲ್ಲಿ, 1893ರಲ್ಲಿ ಗಾಂಧಿಯವರನ್ನು ಇಳಿಸಿದ ಪ್ಲಾಟ್‌ಫಾರ್ಮಿನಲ್ಲಿ ಎಲ್ಲ ಭಾರತೀಯರಂತೆ ಫೋಟೊ ತೆಗೆಸಿಕೊಂಡು, ಊರಾಚೆಯ ಎಡೆಂಡೇಲ್‌ಗೆ ಹೋದೆವು. ಇದು 1851ರಲ್ಲಿ ಹುಟ್ಟಿದ ಕಪ್ಪು ಕ್ರೈಸ್ತರ ನೆಲೆ. ಇಲ್ಲಿನ ಸವಾರರು 1879ರ ಜುಲು ಯುದ್ಧದಲ್ಲಿ ‘ನೇಟಾಲ್ ನೇಟಿವ್ ಹಾರ್ಸ್’ ಸೇರಿ ಬ್ರಿಟಿಷರಿಗೆ ಬೇಹು ನಡೆಸಿದರು. ಬೂಟು, ಬಿಗಿ ಷರಾಯಿ, ಮಿತ್ರರೆಂದು ಗುರುತು ಸಿಗಲು ಟೋಪಿಗೆ ಕೆಂಪು ಬಟ್ಟೆಯ ಸುತ್ತು. ಅವರೊಂದಿಗಿದ್ದ ಜಿಕಾಲಿ ಸವಾರರು ಮಾತ್ರ ಬರಿಗಾಲಿನವರು, ರಿಕಾಪನ್ನು ಹೆಬ್ಬೆರಳಿನಿಂದ ಹಿಡಿಯುತ್ತಿದ್ದರು.

ಎಡೆಂಡೇಲ್‌ನ ಸಾರ್ಜೆಂಟ್ ಮೇಜರ್ ಸಿಮಿಯನ್ ಕಂಬುಲೆ. ಅಪ್ಪ ಎಲಿಜಾ 1873ರಲ್ಲಿ ಬುಷ್‌ಮನ್ಸ್ ಪಾಸ್‌ನಲ್ಲಿ ಬ್ರಿಟಿಷರ ಜೊತೆಯಲ್ಲೇ ಸತ್ತವನು. 1879ರ ಜನವರಿ 22ರಂದು ಇಸಾಂಡ್ಲ್‌ವಾನಾದಲ್ಲಿ ಬ್ರಿಟಿಷ್ ಪಾಳೆಯ ಪುಡಿಯಾದಾಗ ಸಿಮಿಯನ್ ತನ್ನವರ ಸಾಲು ಒಡೆಯದಂತೆ ನೋಡಿಕೊಂಡು ಬಫೆಲೊ ನದಿ ದಾಟಿಸಿದ. ದಾಟಿದ ಮೇಲೆ ಓಡಿಹೋಗದೆ ದಡದಲ್ಲಿ ನಿಂತು, ಹಿಂದೆ ಬರುತ್ತಿದ್ದ ಬಿಳಿಯರಿಗೂ ರಕ್ಷಣೆಯ ಗುಂಡು ಹಾರಿಸಿದರು. ಅವನಿಗೆ ‘ಡಿಸ್ಟಿಂಗ್ವಿಷ್ಡ್ ಕಾಂಡಕ್ಟ್’ ಪದಕ ಬಂತು, ಬೆಳ್ಳಿಯದೇ. ಇಪ್ಪತ್ತು ವರ್ಷದ ನಂತರ ಇದೇ ನೇಟಾಲಿನಲ್ಲಿ ‘ಬಿಳಿಯರ ಯುದ್ಧ’ ಎಂಬ ನೀತಿ ಬಂದಾಗ, ಆ ಬೆಳ್ಳಿ ಅವನಂಥವರಿಗೆ ಎಷ್ಟು ಕಾಗದ ಓಡಾಡಿದರೂ ಸಿಗದ ವಸ್ತುವಾಯಿತು.

“ಹಾಗಾದ್ರೆ ಇಸಾಂಡ್ಲ್‌ವಾನಾಗೂ ಹೋಗ್ಬೇಕಲ್ರೀ,” ಎಂದು ಷಡ್ಡಕರು ಮೊಬೈಲ್ ತೆಗೆದು ದೂರ ನೋಡತೊಡಗಿದರು. ರಜೆ ಇನ್ನೂ ಎಷ್ಟಿದೆ ಎಂದು ಕೇಳಿದೆ. ಆಫೀಸಿಗೆ ಫೋನ್ ಮಾಡಲು ಕಾರಿನಾಚೆ ಹೋದರು.